ಪರಾಗಸ್ಪರ್ಶಕ ಜೀವಿಗಳಿಗಾಗಿ ಮನೆಯಂಗಳದಲ್ಲಿ ಕಾಮಿನಿ ಗಿಡ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹೂವಿನಿಂದ ಹೂವಿಗೆ ಪರಾಗವನ್ನು ಒಯ್ದು ಗಿಡಗಳು ಕಾಯಿ ಕಟ್ಟಲು ನೆರವಾಗುವ ಜೇನುನೊಣ, ದುಂಬಿ, ಚಿಟ್ಟೆ, ಪತಂಗ ಮುಂತಾದವುಗಳನ್ನು ಪರಾಗಸ್ಪರ್ಶಕ ಜೀವಿಗಳೆಂದು ಕರೆಯಲಾಗುತ್ತದೆ. ಕುಂಬಳ, ಸೋರೆ, ಹೀರೆ, ಹಾಗಲ, ಸೌತೆ ಮುಂತಾದ ಬಳ್ಳಿ ತರಕಾರಿಗಳಲ್ಲಿ ಗಂಡು ಹೂವು ಮತ್ತು ಹೆಣ್ಣು ಹೂವು ಬೇರೆ ಬೇರೆಯಾಗಿರುವುದರಿಂದ ಕೀಟಗಳು ಬಾರದಿದ್ದಲ್ಲಿ ಹೆಣ್ಣು ಹೂವು ಹೀಚಾಗಿಯೇ ಉದುರಿಹೋಗುತ್ತದೆ. ಮಲೆನಾಡಿನ ರೋಬಸ್ಟಾ ಕಾಫಿಯು ತನ್ನದೇ ಪರಾಗದಿಂದ ಕಾಯಿ ಕಟ್ಟದ ಬೆಳೆಯಾಗಿದ್ದು, ಪರಕೀಯ ಪರಾಗಸ್ಪರ್ಶಕ್ಕಾಗಿ ಗಾಳಿ ಮತ್ತು ಜೇನುನೊಣಗಳನ್ನು ಅವಲಂಬಿಸಿದೆ.

1991-92ರ ಅವಧಿಯಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳನ್ನು ದೊಡ್ಡ ಪ್ರಮಾಣದಲ್ಲಿ ನಾಶಪಡಿಸಿತು. ಜೇನು ಕುಟುಂಬಗಳು ಚೇತರಿಸಿಕೊಳ್ಳಲು ಮತ್ತು ಉಳಿದುಕೊಳ್ಳಲು ವರ್ಷದುದ್ದಕ್ಕೂ ಮಕರಂದ ಮತ್ತು ಪರಾಗ ದೊರೆಯಬೇಕಾಗುತ್ತದೆ. ನಗರ, ಪಟ್ಟಣಗಳಲ್ಲಿ ಹೊಲ, ಗೋಮಾಳ, ತೋಪುಗಳು ಬಡಾವಣೆಗಳಾಗಿರುವ ಕಡೆಗಳಲ್ಲಿ ಈ ಆಹಾರವನ್ನು ಒದಗಿಸುವ ಹೊಣೆ ಮನೆಯಂಗಳ, ಶಾಲಾ ಆವರಣ ಮತ್ತು ಉದ್ಯಾನಗಳ ಮೇಲೆ ಬಿದ್ದಿದೆ.

ಬೆಚ್ಚನೆಯ ಹವಾಗುಣದ ಅಂಗಳಗಳಿಗೆ ಹೊಂದುವ ಸುವಾಸನೆಯ ಹೂಗಿಡಗಳಲ್ಲಿ ಕಾಮಿನಿಯು ಮುಖ್ಯವಾದುದು. ಇದನ್ನು ಬೆಳೆಸಲು ಹೆಚ್ಚಿನ ಖರ್ಚಾಗಲಿ ಶ್ರಮವಾಗಲಿ ಬೇಕಿಲ್ಲ. ಆದರೆ ಎರಡು ಸಂಗತಿಗಳನ್ನು ತಿಳಿಯದೆ ನೆಟ್ಟಲ್ಲಿ ಗಿಡವು ಉದ್ದೇಶಿತ ಪ್ರಯೋಜನವನ್ನು ನೀಡುವುದಿಲ್ಲ. ಮೊದಲನೆಯದಾಗಿ, ಪದೇ ಪದೇ ಕತ್ತರಿಸಿದ ಕಾಮಿನಿ ಬೇಲಿಯು ಹೂ ಬಿಡುವುದಿಲ್ಲ. ಎರಡನೆಯದಾಗಿ, ಕಾಮಿನಿಯು ನಿಂಬೆ, ಕಿತ್ತಳೆ, ಚಕ್ಕೋತ ಬೆಳೆಗಳಿಗೆ ಮಾರಕವಾದ ರೋಗವನ್ನು ಹರಡುವ ಕೀಟದ ಆಶ್ರಯ ಸಸ್ಯವಾಗಿದೆ. ಈ ಎರಡೂ ಸಂಗತಿಗಳನ್ನು ಕುರಿತ ವಿವರಗಳು ಮತ್ತು ಬೇಸಾಯ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

ಸಸ್ಯ ಪರಿಚಯ

ಕಾಮಿನಿಯು ಸದಾ ಹಸಿರಾಗಿರುವ ಪೊದೆ ಅಥವಾ ಸಣ್ಣ ಮರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮುರ್ರಾಯ ಪ್ಯಾನಿಕ್ಯುಲೇಟ. ಕನ್ನಡದಲ್ಲಿ ಕಾಡು ಕರಿಬೇವು, ಪಾಂಡರಿ ಎಂಬ ಹೆಸರುಗಳೂ ಇವೆ. ಸಸ್ಯಕ್ಷೇತ್ರಗಳಲ್ಲಿ ಕಾಮಿನಿ ಅಥವಾ ಮಧುಕಾಮಿನಿ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ನಿಂಬೆ, ಕಿತ್ತಳೆ, ಬಿಲ್ವ ಮತ್ತು ಕರಿಬೇವು ಸೇರಿರುವ ರೂಟೇಸೀ ಕುಟುಂಬಕ್ಕೆ ಇದೂ ಸೇರಿದೆ.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1767ರಲ್ಲಿ ಈ ಸಸ್ಯವನ್ನು ಬೇರೊಂದು ಕುಲದಲ್ಲಿ ವರ್ಣಿಸಿದ್ದನು. ವಿಲಿಯಂ ಜಾಕ್ 1820ರಲ್ಲಿ ಇದನ್ನು ಮುರ್ರಾಯ ಕುಲಕ್ಕೆ ಸೇರಿಸಿದನು. ಲಿನೇಯಸ್‌ನ ಶಿಷ್ಯನಾಗಿದ್ದ ಯೊಹಾನ್ ಆಂಡ್ರಿಯಾಸ್ ಮುರ್ರೆಯ ನೆನಪಿಗಾಗಿ ಈ ಕುಲಕ್ಕೆ ಆ ಹೆಸರು ಬಂದಿದೆ. ಉದ್ಯಾನಗಳಲ್ಲಿ ಬೆಳೆಸುವ ಸಣ್ಣ ಎಲೆಯ ಗಿಡ್ಡ ಬಗೆಯನ್ನು ಕೆಲವು ಸಸ್ಯಶಾಸ್ತ್ರಜ್ಞರು ಮುರ್ರಾಯ ಎಕ್ಸೋಟಿಕ ಎಂಬ ಪ್ರತ್ಯೇಕ ಪ್ರಭೇದವೆಂದು ಪರಿಗಣಿಸುತ್ತಾರೆ. ಎರಡರ ಆರೈಕೆಯ ಕ್ರಮವೂ ಒಂದೇ ಆಗಿದೆ.

ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾಗಳಿಂದ ಆಸ್ಟ್ರೇಲಿಯದವರೆಗೆ ಈ ಸಸ್ಯವು ಸಹಜವಾಗಿ ಬೆಳೆಯುತ್ತದೆ. ಪಶ್ಚಿಮ ಘಟ್ಟಗಳ ಕಾಡುಗಳಲ್ಲಿಯೂ ಇದನ್ನು ಕಾಣಬಹುದು. ಅಂಗಳಗಳಲ್ಲಿ ಸಾಮಾನ್ಯವಾಗಿ 2ರಿಂದ 3 ಮೀಟರ್ ಎತ್ತರದ ಪೊದೆಯಾಗಿರುತ್ತದೆ. ಕತ್ತರಿಸದೆ ಬಿಟ್ಟಲ್ಲಿ ಇನ್ನೂ ಎತ್ತರವಾಗಿ ಸಣ್ಣ ಮರವಾಗುತ್ತದೆ. ಎಲೆಗಳು ಹೊಳೆಯುವ ಕಡು ಹಸಿರು ಬಣ್ಣದವು. ಒಂದು ಎಲೆಯಲ್ಲಿ 3ರಿಂದ 7 ಅಥವಾ ಅದಕ್ಕಿಂತ ತುಸು ಹೆಚ್ಚು ಕಿರು ಎಲೆಗಳಿರುತ್ತವೆ. ಹೂವುಗಳು ಅಚ್ಚ ಬಿಳಿ. ಹಿಂದಕ್ಕೆ ಬಾಗಿದ 5 ಎಸಳುಗಳು ಮತ್ತು 10 ಕೇಸರಗಳಿದ್ದು ಕಿತ್ತಳೆ ಹೂವಿನ ಪರಿಮಳವನ್ನು ಹೋಲುವ ಸುವಾಸನೆಯನ್ನು ಬೀರುತ್ತವೆ. ಹಣ್ಣುಗಳು ಸುಮಾರು 1 ಸೆಂ.ಮೀ. ಉದ್ದವಾಗಿದ್ದು ಮಾಗಿದಾಗ ಕೆಂಪಾಗುತ್ತವೆ. ಪ್ರತಿ ಹಣ್ಣಿನಲ್ಲಿ ಒಂದು ಅಥವಾ ಎರಡು ಬೀಜಗಳಿರುತ್ತವೆ.

ಕಾಮಿನಿಯು ಮಲ್ಲಿಗೆಯಂತೆ ದಿನವೂ ಒಂದಷ್ಟು ಹೂ ಬಿಡುವ ಗಿಡವಲ್ಲ. ಕೆಲವು ವಾರಗಳ ಒಣ ಹವೆಯ ನಂತರ ಮಳೆ ಬಿದ್ದಾಗ ಇಡೀ ಗಿಡವು ಒಮ್ಮೆಗೇ ಮೊಗ್ಗು ತಳೆದು ಒಟ್ಟಿಗೆ ಅರಳುತ್ತದೆ. ಎಸಳುಗಳು ಕೆಲವೇ ದಿನಗಳಲ್ಲಿ ಉದುರುತ್ತವೆ. ಇಂತಹ ಹೂ ಸುಗ್ಗಿಯು ವರ್ಷದಲ್ಲಿ ಹಲವು ಬಾರಿ ಬರುತ್ತದೆ.

ಕಾಮಿನಿಗೆ ಭೇಟಿ ನೀಡುವ ಜೀವಿಗಳು

ಕರ್ನಾಟಕದಲ್ಲಿ ಸಾಮಾನ್ಯವಾಗಿ ಕಂಡುಬರುವ ಹೆಜ್ಜೇನು, ತುಡುವೆ ಜೇನು, ಕೋಲು ಜೇನು ಮತ್ತು ಚುಚ್ಚದ ಮುಜಂಟಿ ಜೇನುಗಳಿಗೆ ಕಾಮಿನಿಯ ಹೂವು ಮಕರಂದ ಮತ್ತು ಪರಾಗ ಎರಡನ್ನೂ ಒದಗಿಸುತ್ತದೆ. ಹೂವು ತೆರೆದ ಬಟ್ಟಲಿನಂತಿರುವುದರಿಂದ ಚಿಕ್ಕ ನಾಲಿಗೆಯ ಕೀಟಗಳಿಗೂ ಮಕರಂದವು ಸುಲಭವಾಗಿ ಎಟಕುತ್ತದೆ. ಹಗಲಿನಲ್ಲಿ ಜೇನುನೊಣಗಳು ಮತ್ತು ಚಿಟ್ಟೆಗಳು, ಮುಸ್ಸಂಜೆಯ ನಂತರ ಪತಂಗಗಳು ಹೂವನ್ನು ಅರಸಿ ಬರುತ್ತವೆ.

ಕಾಮಿನಿಯ ಎಲೆಯೂ ಕೆಲವು ಜೀವಿಗಳಿಗೆ ಆಹಾರವಾಗಿದೆ. ಕರಿಬೇವಿನ ಗಿಡದಲ್ಲಿ ಕಾಣಸಿಗುವ ಕಾಮನ್ ಮಾರ್ಮನ್ ಚಿಟ್ಟೆಯು ಕಾಮಿನಿಯ ಎಲೆಗಳ ಮೇಲೂ ಮೊಟ್ಟೆಯಿಡುತ್ತದೆ. ಇದರ ಎಳೆಯ ಮರಿಹುಳುಗಳು ಹಕ್ಕಿಯ ಹಿಕ್ಕೆಯಂತೆ ಕಂದು ಬಿಳುಪಾಗಿದ್ದು, ಬಲಿತಾಗ ಹಸಿರಾಗುತ್ತವೆ. ಕೆಲವು ಎಲೆಗಳು ತೂತಾದ ಮಾತ್ರಕ್ಕೆ ಗಿಡಕ್ಕೆ ಕೇಡಾಗುವುದಿಲ್ಲವಾದುದರಿಂದ ಈ ಹುಳುಗಳನ್ನು ಕೊಲ್ಲುವ ಅವಶ್ಯಕತೆಯಿಲ್ಲ. ಮಾಗಿದ ಹಣ್ಣುಗಳನ್ನು ಪಿಕಳಾರ ಮುಂತಾದ ಹಕ್ಕಿಗಳು ತಿನ್ನುತ್ತವೆ.

ನೆಡುವ ಮೊದಲು ಪರಿಶೀಲಿಸಬೇಕಾದ ಅಂಶ: ಸಮೀಪದಲ್ಲಿ ನಿಂಬೆ ಜಾತಿಯ ಬೆಳೆ ಇದೆಯೇ?

ನಿಂಬೆ ಜಾತಿಯ ಬೆಳೆಗಳಿಗೆ ತಗಲುವ ಗ್ರೀನಿಂಗ್ ರೋಗವು ಒಂದು ಬ್ಯಾಕ್ಟೀರಿಯದಿಂದ ಬರುತ್ತದೆ. ರೋಗ ತಗುಲಿದ ಮರದ ಎಲೆಗಳಲ್ಲಿ ಅಡ್ಡಾದಿಡ್ಡಿಯಾಗಿ ಹಳದಿ ಮಚ್ಚೆಗಳು ಮೂಡುತ್ತವೆ. ಹಣ್ಣುಗಳು ಸೊಟ್ಟಗಾಗಿ, ಪೂರ್ತಿ ಬಣ್ಣ ತಿರುಗದೆ, ಕಹಿಯಾಗುತ್ತವೆ. ಕೊಂಬೆಗಳು ತುದಿಯಿಂದ ಒಣಗುತ್ತಾ ಬಂದು ಮರವು ಕ್ರಮೇಣ ಕ್ಷೀಣಿಸುತ್ತದೆ. ರೋಗ ತಗುಲಿದ ಮರವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧಿಯಿಲ್ಲ.

ಈ ಬ್ಯಾಕ್ಟೀರಿಯವನ್ನು ಮರದಿಂದ ಮರಕ್ಕೆ ಒಯ್ಯುವುದು ಸಿಟ್ರಸ್ ಸಿಲ್ಲಾ ಎಂಬ 3ರಿಂದ 4 ಮಿ.ಮೀ. ಉದ್ದದ ರಸ ಹೀರುವ ಕೀಟ. ಎಲೆಯ ಮೇಲೆ ಕುಳಿತಾಗ ಇದರ ಹಿಂಭಾಗವು ಓರೆಯಾಗಿ ಮೇಲಕ್ಕೆ ಎದ್ದಿರುವುದರಿಂದ ಗುರುತಿಸುವುದು ಸುಲಭ. ಈ ಕೀಟವು ಎಳೆಯ ಚಿಗುರಿನಲ್ಲಿ ಮಾತ್ರ ಮೊಟ್ಟೆಯಿಡುತ್ತದೆ. ಕಾಮಿನಿಯು ಇದಕ್ಕೆ ಅತ್ಯಂತ ಪ್ರಿಯವಾದ ಸಸ್ಯಗಳಲ್ಲೊಂದು. ಕರಿಬೇವಿನ ಮೇಲೂ ಇದು ಸಂತಾನ ಬೆಳೆಸಬಲ್ಲದು. ಕಾಮಿನಿ ಗಿಡಕ್ಕೆ ಕೀಟದಿಂದಾಗಲಿ ರೋಗದಿಂದಾಗಲಿ ಹೇಳಿಕೊಳ್ಳುವಂತಹ ತೊಂದರೆಯಾಗದಿರುವುದರಿಂದ, ಬೇಲಿಯು ಹಸಿರಾಗಿ ಕಾಣುತ್ತಿರುವಾಗಲೇ ನೂರಾರು ಕೀಟಗಳು ಅಲ್ಲಿ ಬೆಳೆದು ಹತ್ತಿರದ ನಿಂಬೆ ತೋಟಗಳಿಗೆ ಹಾರಿಹೋಗುವ ಸಂಭವವಿರುತ್ತದೆ.

ಇದರ ಪರಿಣಾಮವನ್ನು ಇತರ ದೇಶಗಳು ಅನುಭವಿಸಿವೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಈ ಕೀಟವು 1998ರಲ್ಲಿ ಪತ್ತೆಯಾಯಿತು. ಅಂಗಳಗಳಿಗಾಗಿ ಮಾರಾಟವಾಗುತ್ತಿದ್ದ ಕಾಮಿನಿ ಸಸಿಗಳೊಂದಿಗೆ ಅದು ರಾಜ್ಯದ ನಾನಾ ಕಡೆಗಳಿಗೆ ಹರಡಿತು. 2005ರಲ್ಲಿ ಗ್ರೀನಿಂಗ್ ರೋಗವೂ ಕಾಣಿಸಿಕೊಂಡು, ಅಲ್ಲಿನ ಕಿತ್ತಳೆ ಉತ್ಪಾದನೆಯು ನಂತರದ ವರ್ಷಗಳಲ್ಲಿ ತೀವ್ರವಾಗಿ ಕುಸಿಯಿತು. ಬ್ರೆಜಿಲ್ ದೇಶದ ಸಾವೊ ಪಾಲೊ ರಾಜ್ಯದಲ್ಲಿ ಈ ರೋಗವು 2004ರಲ್ಲಿ ವರದಿಯಾಯಿತು.

ಭಾರತದಲ್ಲಿ ಈ ಕೀಟ ಮತ್ತು ರೋಗ ಎರಡೂ ಬಹುಕಾಲದಿಂದ ಇವೆ. ಕರ್ನಾಟಕದಲ್ಲಿ ಭೌಗೋಳಿಕ ಸೂಚಿ ಪಡೆದಿರುವ ಕೊಡಗಿನ ಕಿತ್ತಳೆಯ ಕ್ಷೀಣತೆಗೆ ಗ್ರೀನಿಂಗ್ ರೋಗವೂ ಒಂದು ಕಾರಣವಾಗಿದೆ. ವಿಜಯಪುರ ಜಿಲ್ಲೆಯ ಇಂಡಿ ಭಾಗವು ನಿಂಬೆ ಬೆಳೆಗೆ ಹೆಸರಾಗಿದೆ. ಭೌಗೋಳಿಕ ಸೂಚಿ ಪಡೆದ ದೇವನಹಳ್ಳಿ ಚಕ್ಕೋತವನ್ನು ಬೆಳೆಯುವ ಪ್ರದೇಶದಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ನಂತರ ಬಡಾವಣೆಗಳು ಹೆಚ್ಚಿವೆ. ಬಡಾವಣೆಯ ಕಾಂಪೌಂಡಿನ ಉದ್ದಕ್ಕೂ ಕಾಮಿನಿಯ ಬೇಲಿ ಹಾಕುವವರಿಗೆ ಅದು ಅಲಂಕಾರದ ಗಿಡವಾಗಿರಬಹುದು. ಪಕ್ಕದ ತೋಟದವರಿಗೆ ಅದು ಜೀವನೋಪಾಯದ ಪ್ರಶ್ನೆಯಾಗುತ್ತದೆ.

ಆದ ಕಾರಣ ಸಾರ್ವಜನಿಕರು ಈ ಕೆಳಕಂಡಂತೆ ಕ್ರಮ ಕೈಗೊಳ್ಳುವುದು ಸೂಕ್ತ.

1. ಕಿತ್ತಳೆ, ಮೋಸಂಬಿ, ನಿಂಬೆ, ಚಕ್ಕೋತ ತೋಟಗಳಿರುವ ಗ್ರಾಮಗಳಲ್ಲಿ ಮತ್ತು ಅವುಗಳ ಆಸುಪಾಸಿನ ಬಡಾವಣೆಗಳಲ್ಲಿ ಕಾಮಿನಿಯನ್ನು ನೆಡಬಾರದು. ಫ್ಲಾರಿಡಾದಲ್ಲಿ ನಡೆದ ಅಧ್ಯಯನದಲ್ಲಿ ಈ ಕೀಟವು 12 ದಿನಗಳಲ್ಲಿ ಸುಮಾರು 2 ಕಿ.ಮೀ. ದೂರ ಸಾಗಿದ್ದು ಕಂಡುಬಂದಿರುವುದರಿಂದ, ತೋಟದಿಂದ ನಾಲ್ಕು ಮಾರು ಬಿಟ್ಟು ನೆಟ್ಟರೆ ಸಾಕೆಂಬ ಭಾವನೆ ಸರಿಯಲ್ಲ.

2. ನಿಂಬೆ ಜಾತಿಯ ಸಸಿಗಳನ್ನು ಬೆಳೆಸುವ ಸಸ್ಯಕ್ಷೇತ್ರಗಳ ಬಳಿ ಯಾವುದೇ ಕಾರಣಕ್ಕೂ ನೆಡಬಾರದು. ಅಲ್ಲಿ ರೋಗ ಹೊಕ್ಕರೆ ಸಸಿಗಳ ಮೂಲಕ ದೂರದ ಜಿಲ್ಲೆಗಳಿಗೂ ತಲುಪುತ್ತದೆ.

3. ಮನೆಯ ಹಿತ್ತಿಲಿನಲ್ಲಿಯೇ ಫಲ ಕೊಡುವ ನಿಂಬೆ ಅಥವಾ ಚಕ್ಕೋತದ ಗಿಡವಿದ್ದಲ್ಲಿ, ಕಾಮಿನಿಗೆ ಬದಲಾಗಿ ಈ ಲೇಖನದಲ್ಲಿ ಮುಂದೆ ಸೂಚಿಸಿರುವ ಬೇರೆ ಕುಟುಂಬದ ಗಿಡಗಳನ್ನು ಆರಿಸಿಕೊಳ್ಳುವುದು ಉತ್ತಮ.

ಹವಾಗುಣ ಮತ್ತು ಮಣ್ಣು

ಕರ್ನಾಟಕದ ಕರಾವಳಿ, ಮಲೆನಾಡು ಮತ್ತು ಬಯಲುಸೀಮೆ ಮೂರರಲ್ಲಿಯೂ ಕಾಮಿನಿ ಬೆಳೆಯುತ್ತದೆ. ದಿನಕ್ಕೆ ಕನಿಷ್ಠ 5ರಿಂದ 6 ಗಂಟೆ ನೇರ ಬಿಸಿಲು ಬೀಳುವ ಜಾಗವು ಹೂ ಬಿಡಲು ಸೂಕ್ತ. ಅರೆ ನೆರಳಿನಲ್ಲಿ ಗಿಡ ಬದುಕುತ್ತದೆಯಾದರೂ ಹೂವು ಕಡಿಮೆಯಾಗುತ್ತದೆ. ನೀರು ಬಸಿದು ಹೋಗುವ ಕೆಂಪು ಗೋಡು ಮಣ್ಣು ಉತ್ತಮ. ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆಯುತ್ತದೆ. ಸುಣ್ಣದ ಅಂಶ ಹೆಚ್ಚಾಗಿರುವ ಕಪ್ಪು ಮಣ್ಣಿನಲ್ಲಿ ಕಬ್ಬಿಣದ ಅಂಶವು ಗಿಡಕ್ಕೆ ದೊರೆಯದೆ ಎಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಇಂತಹ ಕಡೆ ಗುಂಡಿಗೆ ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವನ್ನು ಹೆಚ್ಚಾಗಿ ಬೆರೆಸಬೇಕು.

ಸಸ್ಯಾಭಿವೃದ್ಧಿ

ಬೀಜದಿಂದ: ಪೂರ್ತಿ ಕೆಂಪಾದ ಹಣ್ಣುಗಳನ್ನು ಕಿತ್ತು ತಿರುಳನ್ನು ತೊಳೆದು ತೆಗೆಯಬೇಕು. ಬೀಜವು ಬೇಗನೆ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಶೇಖರಿಸಿಡದೆ ಕೂಡಲೇ ಬಿತ್ತಬೇಕು. ಮರಳು, ಮಣ್ಣು ಮತ್ತು ಎರೆಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿದ ಚೀಲಗಳಲ್ಲಿ 1 ಸೆಂ.ಮೀ. ಆಳಕ್ಕೆ ಬಿತ್ತಿ, ನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಳ್ಳಬೇಕು. ಮೊಳಕೆಗೆ ಕೆಲವು ವಾರಗಳು ಬೇಕಾಗುತ್ತವೆ. ಬೀಜದ ಗಿಡಗಳು ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಹೇರಳವಾಗಿ ಹೂ ಬಿಡತೊಡಗುತ್ತವೆ.

ಕಾಂಡದ ತುಂಡುಗಳಿಂದ: ಪೂರ್ತಿ ಬಲಿಯದ, ಪೂರ್ತಿ ಎಳೆಯದೂ ಅಲ್ಲದ 10ರಿಂದ 15 ಸೆಂ.ಮೀ. ಉದ್ದದ ತುಂಡುಗಳನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ ಮಳೆಗಾಲದಲ್ಲಿ ನೆಡಬೇಕು. ಬೇರು ಬಿಡುವುದು ನಿಧಾನ. ಎಲ್ಲ ತುಂಡುಗಳೂ ಬದುಕುವುದಿಲ್ಲವಾದುದರಿಂದ ಬೇಕಾದುದಕ್ಕಿಂತ ಹೆಚ್ಚು ತುಂಡುಗಳನ್ನು ನೆಡುವುದು ಒಳ್ಳೆಯದು. ಗೂಟಿ ಕಟ್ಟುವ ವಿಧಾನದಿಂದಲೂ ಗಿಡಗಳನ್ನು ಪಡೆಯಬಹುದು.

ನಾಟಿ ಮಾಡುವ ಕ್ರಮ

ಮುಂಗಾರು ಆರಂಭವಾಗುವ ಜೂನ್-ಜುಲೈ ತಿಂಗಳು ನಾಟಿಗೆ ಸೂಕ್ತ ಕಾಲ. 45 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಸುಮಾರು 5 ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಒಂಟಿ ಪೊದೆಗಳಾಗಿ ಬೆಳೆಸುವುದಾದಲ್ಲಿ ಗಿಡದಿಂದ ಗಿಡಕ್ಕೆ 2 ಮೀಟರ್, ಹೂಬೇಲಿಯಾಗಿ ಬೆಳೆಸುವುದಾದಲ್ಲಿ 75ರಿಂದ 90 ಸೆಂ.ಮೀ. ಅಂತರ ಬಿಡಬೇಕು. ಗೋಡೆಯಿಂದ ಕನಿಷ್ಠ 1 ಮೀಟರ್ ದೂರವಿರಲಿ. ಒಂದೇ ಗಿಡ ನೆಡುವುದಕ್ಕಿಂತ ಎರಡು ಮೂರು ಗಿಡಗಳನ್ನು ಒತ್ತಟ್ಟಿಗೆ ನೆಟ್ಟಲ್ಲಿ, ಹೂವು ಗುಂಪಾಗಿ ಕಾಣುವುದರಿಂದ ಜೇನುನೊಣಗಳಿಗೆ ಹುಡುಕಲು ಸುಲಭವಾಗುತ್ತದೆ.

ನೀರು ಮತ್ತು ಗೊಬ್ಬರ

ಮೊದಲ ಒಂದು ವರ್ಷ ಮಳೆಯಿಲ್ಲದ ದಿನಗಳಲ್ಲಿ ವಾರಕ್ಕೆ ಎರಡು ಬಾರಿ ನೀರು ಕೊಡಬೇಕು. ಬೇರೂರಿದ ನಂತರ ವಾರಕ್ಕೆ ಅಥವಾ ಹತ್ತು ದಿನಕ್ಕೊಮ್ಮೆ ಸಾಕಾಗುತ್ತದೆ. ಬಲಿತ ಗಿಡಕ್ಕೆ ಎರಡು ಮೂರು ವಾರ ನೀರು ನಿಲ್ಲಿಸಿ, ನಂತರ ಚೆನ್ನಾಗಿ ನೀರುಣಿಸಿದಲ್ಲಿ ಮಳೆಯಿಲ್ಲದ ಕಾಲದಲ್ಲಿಯೂ ಹೂ ಬರುವ ಸಾಧ್ಯತೆಯಿದೆ. ವರ್ಷಕ್ಕೆ ಎರಡು ಬಾರಿ, ಮುಂಗಾರಿನ ಆರಂಭ ಮತ್ತು ಕೊನೆಯಲ್ಲಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಹಾಕಬೇಕು. ಯೂರಿಯಾ ಮುಂತಾದ ಸಾರಜನಕ ಗೊಬ್ಬರವನ್ನು ಹೆಚ್ಚಾಗಿ ಕೊಟ್ಟಲ್ಲಿ ಚಿಗುರು ಹೆಚ್ಚಾಗಿ ಹೂವು ಕಡಿಮೆಯಾಗುತ್ತದೆ. ಎಳೆಯ ಚಿಗುರಿಗೆ ರಸ ಹೀರುವ ಕೀಟಗಳೂ ಮುತ್ತುತ್ತವೆ.

ಸವರುವಿಕೆ

ಕಾಮಿನಿಯ ಆರೈಕೆಯಲ್ಲಿ ಅತ್ಯಂತ ಎಚ್ಚರಿಕೆಯಿಂದ ಮಾಡಬೇಕಾದ ಕೆಲಸ ಸವರುವಿಕೆ. ಹೂಗೊಂಚಲು ಹೊಸ ರೆಂಬೆಯ ತುದಿಯಲ್ಲಿ ಮೂಡುತ್ತದೆ. ಬೇಲಿಯನ್ನು ಗೋಡೆಯಂತೆ ಸಮತಟ್ಟಾಗಿಡಲು ತಿಂಗಳಿಗೊಮ್ಮೆ ಕತ್ತರಿ ಆಡಿಸಿದಲ್ಲಿ ಮೊಗ್ಗು ಮೂಡಬೇಕಾದ ತುದಿಗಳೆಲ್ಲ ನೆಲಕ್ಕೆ ಬೀಳುತ್ತವೆ. ಅನೇಕ ಉದ್ಯಾನಗಳಲ್ಲಿ ಕಾಮಿನಿಯ ಬೇಲಿ ವರ್ಷಗಟ್ಟಲೆ ಇದ್ದರೂ ಅದರ ಪರಿಮಳದ ಪರಿಚಯ ಯಾರಿಗೂ ಇಲ್ಲದಿರುವುದಕ್ಕೆ ಇದೇ ಕಾರಣ.

ಪ್ರತಿ ಬಾರಿ ಕತ್ತರಿಸಿದಾಗಲೂ ಗಿಡವು ಮೈತುಂಬ ಎಳೆಯ ಚಿಗುರನ್ನು ಹೊರಡಿಸುತ್ತದೆ. ಸಿಟ್ರಸ್ ಸಿಲ್ಲಾ ಕೀಟಕ್ಕೆ ಮೊಟ್ಟೆಯಿಡಲು ಬೇಕಾಗುವುದು ಈ ಚಿಗುರೇ. ಹೀಗೆ, ಪದೇ ಪದೇ ಕತ್ತರಿಸಿದ ಬೇಲಿಯು ಜೇನುನೊಣಗಳಿಗೆ ಏನನ್ನೂ ಕೊಡದೆ ಕೀಟಕ್ಕೆ ಮಾತ್ರ ನೆಲೆಯಾಗುತ್ತದೆ. ಕತ್ತರಿಯನ್ನು ಹಿತಮಿತವಾಗಿ ಬಳಸುವುದರಿಂದ ಹೂವು ಹೆಚ್ಚುತ್ತದೆ, ಕೀಟದ ಸಂತತಿಯೂ ತಗ್ಗುತ್ತದೆ.

ಅನುಸರಿಸಬೇಕಾದ ಕ್ರಮ ಹೀಗಿದೆ.

1. ವರ್ಷಕ್ಕೆ ಒಂದು ಬಾರಿ, ದೊಡ್ಡ ಹೂ ಸುಗ್ಗಿಯೊಂದು ಮುಗಿದ ಕೂಡಲೇ ಸವರಬೇಕು.

2. ಉದ್ದನೆಯ ಕತ್ತರಿಯಿಂದ ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸದೆ, ಒಣಗಿದ, ಒಂದಕ್ಕೊಂದು ಉಜ್ಜುವ ಮತ್ತು ದಾರಿಗೆ ಅಡ್ಡ ಬರುವ ಕೊಂಬೆಗಳನ್ನು ಮಾತ್ರ ಆರಿಸಿ ತೆಗೆಯಬೇಕು.

3. ಬೇಲಿಯ ಅಚ್ಚುಕಟ್ಟು ಅಗತ್ಯವಿರುವಲ್ಲಿ ದಾರಿಯ ಕಡೆಯ ಮುಖವನ್ನು ಸವರಿ, ಅಂಗಳದ ಕಡೆಯ ಮುಖ ಮತ್ತು ನೆತ್ತಿಯನ್ನು ಹೂವಿಗಾಗಿ ಬಿಡಬಹುದು.

4. ಮೊಗ್ಗು ಕಾಣಿಸಿಕೊಂಡ ಮೇಲೆ ಹೂವು ಉದುರುವವರೆಗೂ ಕತ್ತರಿಸಬಾರದು.

ಕೀಟ ಮತ್ತು ರೋಗಗಳ ಹತೋಟಿ

ಅಂಗಳದ ಕಾಮಿನಿಗೆ ಸಾಮಾನ್ಯವಾಗಿ ಯಾವುದೇ ಕೀಟನಾಶಕದ ಅಗತ್ಯವಿಲ್ಲ. ಪರಾಗಸ್ಪರ್ಶಕ ಜೀವಿಗಳಿಗಾಗಿ ಬೆಳೆಸಿದ ಗಿಡಕ್ಕೆ ವಿಷ ಸಿಂಪಡಿಸಿದಲ್ಲಿ ಆಹಾರವನ್ನು ಅರಸಿ ಬಂದ ಜೀವಿಗಳೇ ಸಾಯುತ್ತವೆ. ಇಮಿಡಾಕ್ಲೋಪ್ರಿಡ್ ಮುಂತಾದ ಅಂತರ್ವ್ಯಾಪಿ ಕೀಟನಾಶಕಗಳನ್ನು ಮಣ್ಣಿಗೆ ಹಾಕಿದರೂ ಅವು ಗಿಡದ ರಸದಲ್ಲಿ ಸೇರಿ ಮಕರಂದ ಮತ್ತು ಪರಾಗವನ್ನು ತಲುಪುತ್ತವೆ. ಆದ್ದರಿಂದ ಹೂವಿಲ್ಲದ ಕಾಲದಲ್ಲಿ ಹಾಕಿದರೆ ತೊಂದರೆಯಿಲ್ಲವೆಂದು ಭಾವಿಸಬಾರದು.

ತಿಂಗಳಿಗೊಮ್ಮೆ ಚಿಗುರುಗಳನ್ನು ಪರೀಕ್ಷಿಸಬೇಕು. ಚಿಗುರು ಮುರುಟಿಕೊಂಡಿದ್ದು, ಅದರಲ್ಲಿ ಚಪ್ಪಟೆಯಾದ ಹಳದಿ ಮರಿಗಳು ಹಾಗೂ ಬಿಳಿ ಮೇಣದ ಎಳೆಗಳು ಕಂಡುಬಂದಲ್ಲಿ ಅದು ಸಿಟ್ರಸ್ ಸಿಲ್ಲಾದ ಲಕ್ಷಣ. ಮರಿಗಳು ವಿಸರ್ಜಿಸುವ ಸಿಹಿ ಅಂಟಿಗೆ ಇರುವೆಗಳು ಮುತ್ತುತ್ತವೆ. ಎಲೆಗಳ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇಂತಹ ಚಿಗುರುಗಳನ್ನು ಕಿತ್ತು ಸೋಪಿನ ನೀರಿನಲ್ಲಿ ಮುಳುಗಿಸಿ ನಾಶಪಡಿಸಬೇಕು. ಬಾಧೆ ಹೆಚ್ಚಾದಲ್ಲಿ, ಹೂವಿಲ್ಲದ ಸಮಯದಲ್ಲಿ, ಸಂಜೆಯ ಹೊತ್ತು, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸಬಹುದು.

ಗುಲಗಂಜಿ ಹುಳುಗಳು ಮತ್ತು ಟಮರಿಕ್ಸಿಯ ರೇಡಿಯೇಟ ಎಂಬ ಕಿರು ಕಣಜವು ಸಿಲ್ಲಾದ ಸ್ವಾಭಾವಿಕ ಶತ್ರುಗಳಾಗಿವೆ. 1922ರಲ್ಲಿ ಅವಿಭಜಿತ ಪಂಜಾಬಿನ ಮಾದರಿಗಳಿಂದ ಮೊದಲ ಬಾರಿಗೆ ವರ್ಣಿಸಲಾದ ಈ ಕಣಜವನ್ನು 1978ರಲ್ಲಿ ಭಾರತದಿಂದ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಒಯ್ದು ಬಿಡುಗಡೆ ಮಾಡಲಾಯಿತು. ಅಲ್ಲಿ ಕೀಟದ ಹತೋಟಿಗೆ ಅದು ನೆರವಾಯಿತು. ವಿಷ ಸಿಂಪಡಿಸುವುದರಿಂದ ಇಂತಹ ಉಪಕಾರಿ ಕೀಟಗಳೂ ಇಲ್ಲವಾಗುತ್ತವೆ.

ಕಾಮಿನಿಯ ಜೊತೆಗೆ ಮತ್ತು ಕಾಮಿನಿಗೆ ಬದಲಾಗಿ ನೆಡಬಹುದಾದ ಗಿಡಗಳು

ಕಾಮಿನಿಯ ಹೂ ಸುಗ್ಗಿಗಳ ನಡುವೆ ವಾರಗಟ್ಟಲೆ ಹೂವಿರುವುದಿಲ್ಲ. ಈ ಅಂತರವನ್ನು ತುಂಬಲು ವರ್ಷದ ಹೆಚ್ಚಿನ ಕಾಲ ಹೂ ಬಿಡುವ ತುಳಸಿ, ಜೇನುನೊಣಗಳು ಇಷ್ಟಪಡುವ ನುಗ್ಗೆ ಮತ್ತು ಜಾಗವಿದ್ದಲ್ಲಿ ಬೇಸಿಗೆಯಲ್ಲಿ ಹೂ ಬಿಡುವ ಹೊಂಗೆಯನ್ನು ಜೊತೆಯಲ್ಲಿ ಬೆಳೆಸಬೇಕು. ತುಳಸಿಯ ಕದಿರುಗಳನ್ನೆಲ್ಲ ಚಿವುಟದೆ ಒಂದೆರಡು ಗಿಡಗಳನ್ನಾದರೂ ಹೂವಿಗೆ ಬಿಡಬೇಕು.

ನಿಂಬೆ ಜಾತಿಯ ತೋಟಗಳಿರುವ ಪ್ರದೇಶಗಳಲ್ಲಿ ಕಾಮಿನಿಗೆ ಬದಲಾಗಿ ರೂಟೇಸೀ ಕುಟುಂಬಕ್ಕೆ ಸೇರದ ಈ ಗಿಡಗಳನ್ನು ನೆಡಬಹುದು.

1. ಮದರಂಗಿ: ಬೇಲಿಗೆ ಸೂಕ್ತ, ಒಣಹವೆಯನ್ನು ತಡೆಯುತ್ತದೆ, ಸಣ್ಣ ಹೂಗೊಂಚಲುಗಳು ಬಹಳ ಸುವಾಸನೆಯುಳ್ಳವು.

2. ಲಕ್ಕಿ: ತಿಳಿ ನೀಲಿ-ನೇರಳೆ ಹೂವಿನ ಗಿಡ, ಜಾನುವಾರುಗಳು ಸಾಮಾನ್ಯವಾಗಿ ಮೇಯುವುದಿಲ್ಲವಾದುದರಿಂದ ಹೊಲದ ಬದುವಿಗೂ ಹೊಂದುತ್ತದೆ.

3. ಪಾರಿಜಾತ: ಸಂಜೆ ಅರಳಿ ಬೆಳಗಿಗೆ ಉದುರುವ ಸುವಾಸನೆಯ ಹೂವು, ರಾತ್ರಿಯ ಪತಂಗಗಳಿಗೆ ಉಪಯುಕ್ತ.

ಇವುಗಳೊಂದಿಗೆ ಆಳವಿಲ್ಲದ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನಿಟ್ಟು ನೀರು ತುಂಬಿಸಿಡುವುದು, ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚದೆ ನೆಲದಲ್ಲಿ ಗೂಡು ಮಾಡುವ ಒಂಟಿ ಜೇನುಗಳಿಗಾಗಿ ಸ್ವಲ್ಪ ಬರಿಮಣ್ಣನ್ನು ಬಿಡುವುದು ಮತ್ತು ಬಡಗಿ ದುಂಬಿಗಳು ಗೂಡು ಕೊರೆಯಲು ಒಂದೆರಡು ಒಣ ಕೊಂಬೆಗಳನ್ನು ಉಳಿಸುವುದು ಸಹ ಪ್ರಯೋಜನಕಾರಿ.

ಸಸಿಗಳನ್ನು ಪಡೆಯುವ ಬಗ್ಗೆ

ಅಲಂಕಾರಿಕ ಗಿಡಗಳ ಸಸಿಗಳು ಖಾಸಗಿ ಸಸ್ಯಕ್ಷೇತ್ರಗಳಲ್ಲಿ ದೊರೆಯುತ್ತವೆ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಆಯಾ ಕಾಲಕ್ಕೆ ಲಭ್ಯವಿರುವ ಸಸಿಗಳ ವಿವರ ಮತ್ತು ದರವನ್ನು ತಾಲ್ಲೂಕು ಮಟ್ಟದ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದಾಗಿದೆ. ವಿಚಾರಿಸುವಾಗ ನೆಡುವ ಜಾಗದ ವಿಸ್ತೀರ್ಣ, ಮಣ್ಣಿನ ಬಗೆ, ನೀರಿನ ಅನುಕೂಲ ಮತ್ತು ಸಮೀಪದಲ್ಲಿ ನಿಂಬೆ ಜಾತಿಯ ತೋಟಗಳಿರುವ ಬಗ್ಗೆ ಮಾಹಿತಿ ನೀಡಿದಲ್ಲಿ ಸೂಕ್ತ ಗಿಡವನ್ನು ಸೂಚಿಸಲು ಅನುಕೂಲವಾಗುತ್ತದೆ.

ಸಸಿ ಕೊಳ್ಳುವಾಗ ಚಿಗುರನ್ನು ತಿರುಗಿಸಿ ನೋಡಿ, ಕೀಟ ಅಥವಾ ಮೊಟ್ಟೆಗಳಿರುವ ಸಸಿಗಳನ್ನು ನಿರಾಕರಿಸಬೇಕು. ಕಾಮಿನಿ, ಕರಿಬೇವು ಮತ್ತು ನಿಂಬೆ ಸಸಿಗಳನ್ನು ಒಂದು ಜಿಲ್ಲೆಯಿಂದ ಕಿತ್ತಳೆ, ನಿಂಬೆ ಬೆಳೆಯುವ ಮತ್ತೊಂದು ಜಿಲ್ಲೆಗೆ ಉಡುಗೊರೆಯಾಗಿಯೂ ಒಯ್ಯದಿರುವುದು ಒಳಿತು. ಉದ್ಯಾನ, ರಸ್ತೆಬದಿ, ಶಾಲಾ ಆವರಣ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ನೆಡುವ ಮುನ್ನ ಸಂಬಂಧಪಟ್ಟ ಸ್ಥಳೀಯ ಸಂಸ್ಥೆ ಅಥವಾ ಶಾಲೆಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯತಕ್ಕದ್ದು. ಹೂ ಬಿಡುವ ಕಾಲದಲ್ಲಿ ಕತ್ತರಿಸಬಾರದೆಂಬುದನ್ನು ಅಲ್ಲಿನ ನಿರ್ವಹಣೆಯವರಿಗೆ ಮೊದಲೇ ತಿಳಿಸುವುದು ಅವಶ್ಯಕ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾಮಿನಿಯನ್ನು ಕುಂಡದಲ್ಲಿ ಬೆಳೆಸಬಹುದೇ?
ಉತ್ತರ: ಬೆಳೆಸಬಹುದು. ಕನಿಷ್ಠ 45 ಸೆಂ.ಮೀ. ಅಗಲದ, ತಳದಲ್ಲಿ ರಂಧ್ರಗಳಿರುವ ಕುಂಡವನ್ನು ಬಿಸಿಲು ಬೀಳುವ ತಾರಸಿಯಲ್ಲಿ ಇಡಬೇಕು. ಎರಡು ವರ್ಷಕ್ಕೊಮ್ಮೆ ಮಣ್ಣನ್ನು ಬದಲಾಯಿಸಬೇಕು.

ಪ್ರಶ್ನೆ: ಗಿಡ ಸೊಂಪಾಗಿದ್ದರೂ ಹೂ ಬಿಡುತ್ತಿಲ್ಲ. ಕಾರಣವೇನು?
ಉತ್ತರ: ಪದೇ ಪದೇ ಕತ್ತರಿಸುವುದು, ನೆರಳು, ಹೆಚ್ಚಾದ ಸಾರಜನಕ ಗೊಬ್ಬರ ಮತ್ತು ಬಿಡುವಿಲ್ಲದೆ ನೀರು ಕೊಡುವುದು ಮುಖ್ಯ ಕಾರಣಗಳು. ಮೊದಲು ಆರು ತಿಂಗಳು ಕತ್ತರಿಸುವುದನ್ನು ನಿಲ್ಲಿಸಿ ಪರೀಕ್ಷಿಸಬೇಕು.

ಪ್ರಶ್ನೆ: ಹೂವಿಗೆ ಬರುವ ಜೇನುನೊಣಗಳಿಂದ ಮಕ್ಕಳಿಗೆ ಅಪಾಯವಿದೆಯೇ?
ಉತ್ತರ: ಮಕರಂದ ಸಂಗ್ರಹಿಸುತ್ತಿರುವ ನೊಣಗಳು ತಾವಾಗಿ ಆಕ್ರಮಣ ಮಾಡುವುದಿಲ್ಲ, ಕೈಯಿಂದ ಹಿಡಿದಾಗ ಅಥವಾ ತುಳಿದಾಗ ಚುಚ್ಚುತ್ತವೆ. ಜೇನು ಚುಚ್ಚಿದರೆ ಅಲರ್ಜಿಯಾಗುವವರು ಮನೆಯಲ್ಲಿದ್ದಲ್ಲಿ ಗಿಡವನ್ನು ಬಾಗಿಲು, ಕಿಟಕಿ ಮತ್ತು ಆಟದ ಜಾಗದಿಂದ ದೂರದಲ್ಲಿ ನೆಡಬೇಕು. ಹೆಜ್ಜೇನು ಎತ್ತರದ ಮರ ಮತ್ತು ಕಟ್ಟಡಗಳಲ್ಲಿ ಗೂಡು ಕಟ್ಟುತ್ತದೆಯೇ ಹೊರತು ಇಂತಹ ಪೊದೆಗಳಲ್ಲಿ ಅಲ್ಲ. ಕೋಲು ಜೇನು ಪೊದೆಯ ಕೊಂಬೆಯಲ್ಲಿ ಅಂಗೈಯಷ್ಟು ಗೂಡು ಕಟ್ಟಬಹುದು. ಅದನ್ನು ಸುಡದೆ ತನ್ನಷ್ಟಕ್ಕೆ ಬಿಡುವುದು ಉತ್ತಮ.

ಪ್ರಶ್ನೆ: ಕಾಮಿನಿಯ ಹಣ್ಣನ್ನು ತಿನ್ನಬಹುದೇ?
ಉತ್ತರ: ಇದು ತಿನ್ನುವ ಹಣ್ಣಾಗಿ ಬಳಕೆಯಲ್ಲಿಲ್ಲ. ಮಕ್ಕಳು ತಿನ್ನದಂತೆ ನೋಡಿಕೊಂಡು, ಹಕ್ಕಿಗಳಿಗೆ ಬಿಡುವುದು ಸೂಕ್ತ.

ಪ್ರಶ್ನೆ: ನಿಂಬೆ ತೋಟದ ಪಕ್ಕದಲ್ಲಿ ಈಗಾಗಲೇ ಕಾಮಿನಿಯ ಬೇಲಿ ಇದೆ. ಏನು ಮಾಡಬೇಕು?
ಉತ್ತರ: ಸ್ವಂತ ಜಾಗದಲ್ಲಿದ್ದಲ್ಲಿ ಅದನ್ನು ಬುಡಸಮೇತ ತೆಗೆದು ಮದರಂಗಿ ಅಥವಾ ಲಕ್ಕಿಯನ್ನು ನೆಡುವುದು ಉತ್ತಮ. ಎಳೆಯ ಚಿಗುರಿಲ್ಲದ ಸಮಯದಲ್ಲಿ ತೆಗೆಯಬೇಕು. ಬುಡ ಉಳಿದಲ್ಲಿ ಮತ್ತೆ ಚಿಗುರೊಡೆದು ಕೀಟಕ್ಕೆ ಆಶ್ರಯವಾಗುತ್ತದೆ. ಸಾರ್ವಜನಿಕ ಜಾಗದಲ್ಲಿದ್ದಲ್ಲಿ ಸ್ವತಃ ತೆಗೆಯದೆ ಸ್ಥಳೀಯ ಸಂಸ್ಥೆಗೆ ಮನವಿ ಸಲ್ಲಿಸತಕ್ಕದ್ದು.

ಪ್ರಶ್ನೆ: ವಿದೇಶದಲ್ಲಿರುವ ಸಂಬಂಧಿಕರಿಗೆ ಕಾಮಿನಿ ಅಥವಾ ಕರಿಬೇವಿನ ಸಸಿ, ಎಲೆಗಳನ್ನು ಕೊಂಡೊಯ್ಯಬಹುದೇ?
ಉತ್ತರ: ಕಿತ್ತಳೆ ಬೆಳೆಯುವ ಅನೇಕ ದೇಶಗಳು ರೂಟೇಸೀ ಕುಟುಂಬದ ಸಸ್ಯಗಳ ಪ್ರವೇಶವನ್ನು ನಿರ್ಬಂಧಿಸಿವೆ. ಅಮೆರಿಕಕ್ಕೆ ಹೋಗುವ ಪ್ರಯಾಣಿಕರು ತಾಜಾ ಕರಿಬೇವಿನ ಎಲೆಯನ್ನು ಒಯ್ಯಲು ಅವಕಾಶವಿಲ್ಲ. ಈ ನಿರ್ಬಂಧಕ್ಕೆ ಮೇಲೆ ವಿವರಿಸಿದ ಕೀಟ ಮತ್ತು ರೋಗವೇ ಕಾರಣ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನ ಆಗ್ನೇಯ ಭಾಗದಲ್ಲಿ ಉದ್ಯಾನದ ಕಾಮಿನಿಯು ಹಕ್ಕಿಗಳ ಮೂಲಕ ಕಾಡಿಗೆ ಹರಡಿ ಕಳೆಯಾಗಿದೆ. ಅಲ್ಲಿ ನೆಲೆಸಿರುವವರು ಸ್ಥಳೀಯ ನಿಯಮಗಳನ್ನು ತಿಳಿದುಕೊಂಡು ಆ ಪ್ರದೇಶದ ಸಹಜ ಗಿಡಗಳನ್ನು ಬೆಳೆಸುವುದು ಸೂಕ್ತ.

ಗಮನಿಸಿ

ನಿಂಬೆ ಜಾತಿಯ ತೋಟಗಳಿಂದ ದೂರವಿರುವ ಅಂಗಳ, ವರ್ಷಕ್ಕೊಮ್ಮೆ ಮಾತ್ರ ಕತ್ತರಿ, ವಿಷರಹಿತ ಆರೈಕೆ: ಈ ಮೂರನ್ನು ಪಾಲಿಸಿದಲ್ಲಿ ಕಾಮಿನಿಯು ಹಲವು ವರ್ಷಗಳ ಕಾಲ ಮನೆಯವರಿಗೆ ಪರಿಮಳವನ್ನೂ ಜೇನುನೊಣಗಳಿಗೆ ಆಹಾರವನ್ನೂ ನೀಡುತ್ತದೆ. ಮೂರರಲ್ಲಿ ಮೊದಲನೆಯದು ಸಾಧ್ಯವಿಲ್ಲದ ಕಡೆ ಮದರಂಗಿ, ಲಕ್ಕಿ ಅಥವಾ ಪಾರಿಜಾತವನ್ನು ನೆಡುವಂತೆ ಸಾರ್ವಜನಿಕರನ್ನು ಕೋರಲಾಗಿದೆ.